ಕಾಗದವಿದ್ದವಳ ಪುಣ್ಯ

ಗುಣವತಿಗೆ ಹೊಟ್ಟೆಕಿಚ್ಚು ಹೊಸದಲ್ಲ. ಆದರೆ ಗಂಡ ಹೋದ ಮೇಲೆ ಅದು ಇಷ್ಟು ಬೆಳೆದೀತೆಂದು ಅವಳೂ ಎಣಿಸಿರಲಿಲ್ಲ. ಮೊದಲೆಲ್ಲ ಯಾರದೋ ಇಳಕಲ್ ಸೀರೆ, ಯಾರದೋ ಹೊಸ ಮಿಕ್ಸಿ, ಪಕ್ಕದ ಮನೆಯ ಹುಡುಗಿಯ ಮಾರ್ಕು, ಇಂಥ ಸಣ್ಣಪುಟ್ಟದ್ದಕ್ಕೆ ಉರಿಯುತ್ತಿತ್ತು, ಎರಡು ದಿನದಲ್ಲಿ ಆರುತ್ತಿತ್ತು. ಈಗ ಅವಳು ಬೇರೆಯವರ ಮನೆಯ ಸಾವನ್ನು ಕಂಡು ಹೊಟ್ಟೆ ಉರಿದುಕೊಳ್ಳುತ್ತಿದ್ದಳು. ಇಂಥದ್ದನ್ನು ಯಾರ ಮುಂದೆ ಬಾಯಿಬಿಟ್ಟು ಹೇಳುವುದು?

ಬಾಗಲಕೋಟೆ ಕಡೆಯ ಹೆಣ್ಣು ಅವಳು. ಎಪ್ಪತ್ತೆಂಟರಲ್ಲಿ ವೀರಭದ್ರಪ್ಪನ ಕೈ ಹಿಡಿದು ಹೈದರಾಬಾದಿಗೆ ಬಂದಳು. ಅವನಿಗೆ ಬಾಲಾನಗರದ ಕಡೆ ಕೇಂದ್ರ ಸರ್ಕಾರದ ಒಂದು ಕಾರ್ಖಾನೆಯಲ್ಲಿ ನೌಕರಿ. ತಯಾರಾಗಿ ಬಂದ ಬಿಡಿಭಾಗಗಳನ್ನು ಅಳೆದು ನೋಡಿ ಪಾಸು ಮಾಡುವ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ವಾಪಸು ಕಳಿಸುತ್ತಿದ್ದ. ಮನೆಯಲ್ಲಿ ಮಾತ್ರ ಸಾರಿಗೆ ಉಪ್ಪು ಬೀಳದಿದ್ದರೂ ಸುಮ್ಮನೆ ಉಂಡು ಏಳುವ ಮನುಷ್ಯ. ಎರಡು ಕೋಣೆಯ ಕ್ವಾರ್ಟರ್ಸು, ಒಬ್ಬಳು ಮಗಳು ಶಾಮಲಾ. ಮನೆಯೊಳಗೆ ಕನ್ನಡ, ತರಕಾರಿಯವಳ ಹತ್ತಿರ ತೆಲುಗು, ಬಸ್ಸಿನಲ್ಲಿ ಹಿಂದಿ. ಹದಿನಾರು ವರ್ಷ ಹೀಗೆ ಕಳೆಯಿತು.

ತೊಂಬತ್ನಾಲ್ಕರ ಶ್ರಾವಣದಲ್ಲಿ ವೀರಭದ್ರಪ್ಪ ತಾನಾಗಿಯೇ ತನ್ನ ಜೀವ ಕಳೆದುಕೊಂಡ. ಅದಕ್ಕೆ ಮುಂಚಿನ ಕೆಲವು ತಿಂಗಳು ಅವನಿಗೆ ನಿದ್ದೆ ಇರಲಿಲ್ಲ, ಮಾತೂ ಕಡಿಮೆಯಾಗಿತ್ತು. ಗ್ಯಾಸ್ ಆಗಿರಬೇಕೆಂದು ಗುಣವತಿ ಓಂಕಾಳು ಕುದಿಸಿ ಕೊಟ್ಟಳು. ಅದೊಂದು ಕಾಯಿಲೆ, ಅದಕ್ಕೂ ಡಾಕ್ಟರು ಇರುತ್ತಾರೆ ಎಂಬುದು ಅವಳಿಗೂ ತಿಳಿದಿರಲಿಲ್ಲ, ಅವನಿಗೂ ತಿಳಿದಿರಲಿಲ್ಲ. ಒಂದು ಚೀಟಿಯನ್ನೂ ಬರೆದಿಡಲಿಲ್ಲ. ಅವನ ಅಂಗಿಯ ಜೇಬು, ಪಂಚಾಂಗದ ಹಾಳೆಗಳ ನಡುವೆ, ದೇವರ ಮಾಡದ ಹಿಂದೆ, ಕಾರ್ಖಾನೆಯ ಲಾಕರು, ಎಲ್ಲ ಕಡೆ ಹುಡುಕಿದಳು. ಲಾಕರಿನಲ್ಲಿ ಒಂದು ಬಾಚಣಿಗೆ ಮತ್ತು ಅರ್ಧ ಪೊಟ್ಟಣ ಪಾರ್ಲೆ ಬಿಸ್ಕತ್ತು ಸಿಕ್ಕವು.

ಮಾತಾಡಿಸಲು ಬಂದವರು ಬಾಗಿಲ ಹತ್ತಿರವೇ ಕೂತರು. ಚಹಾ ಕುಡಿಯದೆ ಎದ್ದು ಹೋದರು. ಹೆಂಗಾಯಿತೆಂದು ಒಬ್ಬರೂ ಕೇಳಲಿಲ್ಲ. ಕೇಳಬಾರದೆಂದು ಎಲ್ಲರೂ ತಮ್ಮ ತಮ್ಮ ಮನೆಯಲ್ಲಿ ಮೊದಲೇ ಮಾತಾಡಿಕೊಂಡು ಬಂದಿದ್ದರು.

ಸರಿಯಾಗಿ ಹತ್ತು ವಾರದ ಮೇಲೆ ಕೆಳಗಿನ ಮನೆಯ ಶೋಭಾಳ ಗಂಡ ಅಮರೇಶಪ್ಪ ಶಟಲ್ ಆಡುತ್ತಿದ್ದವನು ಎದೆ ಹಿಡಿದುಕೊಂಡು ಕುಸಿದ, ಆಸ್ಪತ್ರೆ ಮುಟ್ಟುವುದರೊಳಗೆ ಹೋದ. ಆಗ ಆ ಮನೆಗೆ ಬಂದ ಮಂದಿಯೆಷ್ಟು! ಮೆಟ್ಟಿಲ ಮೇಲಿನ ಚಪ್ಪಲಿಗಳನ್ನು ದಾಟಿಕೊಂಡು ಮನೆಗೆ ಹತ್ತಬೇಕಾದ ಗುಣವತಿ, ಹತ್ತುವಾಗೊಮ್ಮೆ ಇಳಿಯುವಾಗೊಮ್ಮೆ ಲೆಕ್ಕ ಹಾಕಿದಳು. ಒಂದು ಸಂಜೆ ಅರವತ್ತೆರಡು ಜೋಡಿ. ಒಳಗಿಂದ ಜೋರು ಅಳು, ಅದರ ನಡುವೆ ಅಮರೇಶಪ್ಪನ ತಮಾಷೆಗಳನ್ನು ನೆನೆಸಿ ನಗು. ಹದಿಮೂರು ದಿನ ಶೋಭಾಳ ಮನೆಯ ಒಲೆ ಹೊತ್ತಲಿಲ್ಲ, ಸರದಿಯಂತೆ ಬುತ್ತಿ ಬಂತು. ಗುಣವತಿಯೂ ಒಂದು ದಿನ ಜೋಳದ ರೊಟ್ಟಿ, ಹೆಸರುಕಾಳು ಪಲ್ಯ ಮಾಡಿ ಒಯ್ದಳು. ಪಲ್ಯಕ್ಕೆ ಬೇಕೆಂದೇ ಉಪ್ಪು ಕಡಿಮೆ ಹಾಕಿದ್ದಳು. ಇಷ್ಟು ಸಣ್ಣತನ ತನ್ನಲ್ಲಿದೆಯೆಂದು ಅವಳಿಗೆ ಆವತ್ತು ಗೊತ್ತಾಯಿತು, ನಾಚಿಕೆಯೂ ಆಯಿತು, ಆದರೆ ಉಪ್ಪು ಹಾಕಲಿಲ್ಲ.

ನವೆಂಬರಿನಲ್ಲಿ ಕಾಲನಿಯ ಕನ್ನಡ ಸಂಘದವರು ರಾಜ್ಯೋತ್ಸವ ಮಾಡಿದರು. ಆ ವರ್ಷ ತೀರಿಕೊಂಡವರ ಹೆಸರು ಓದಿ ಎರಡು ನಿಮಿಷ ಎದ್ದು ನಿಲ್ಲುವುದು ಅಲ್ಲಿನ ಪದ್ಧತಿ. ಅಮರೇಶಪ್ಪನ ಹೆಸರು ಓದಿದರು, ಮತ್ತೊಬ್ಬ ಹಿರಿಯರ ಹೆಸರು ಓದಿದರು. ವೀರಭದ್ರಪ್ಪನ ಹೆಸರು ಬರಲಿಲ್ಲ. ಗುಣವತಿ ಎಲ್ಲರ ಜೊತೆ ಎದ್ದು ನಿಂತು, ಬೇರೆಯವರ ಗಂಡಂದಿರಿಗಾಗಿ ಎರಡು ನಿಮಿಷ ಮೌನವಾಗಿದ್ದಳು.

ಆಮೇಲೆ ಸಂಘದ ಕಾರ್ಯದರ್ಶಿ ತಾನೇ ಹತ್ತಿರ ಬಂದು, "ನಿಮಗ ಸಂಕಟ ಆಗಬಾರದಂತ ಬಿಟ್ವಿ ತಂಗಿ, ತಪ್ಪ ತಿಳೀಬ್ಯಾಡ್ರಿ" ಎಂದ. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಒಳ್ಳೆಯ ಮನುಷ್ಯ, ಒಳ್ಳೆಯದನ್ನೇ ಮಾಡಲು ಹೋಗಿದ್ದ. ಬೈಯೋಣವೆಂದರೆ ಬೈಯುವಂತಿಲ್ಲ. ಗುಣವತಿ ಬೂಂದಿಯ ಪೊಟ್ಟಣ ಹಿಡಿದುಕೊಂಡು ಮನೆಗೆ ಬಂದು ಅದನ್ನು ಕಸದ ಡಬ್ಬಿಗೆ ಹಾಕಿದಳು.

ಗಂಡನ ಜಾಗಕ್ಕೆ ಅನುಕಂಪದ ಮೇಲೆ ಅವಳಿಗೆ ಕಾರ್ಖಾನೆಯ ಟಪಾಲು ವಿಭಾಗದಲ್ಲಿ ಕೆಲಸ ಸಿಕ್ಕಿತು. ಪಿಯುಸಿ ಓದಿದ್ದು ಆಗ ಉಪಯೋಗಕ್ಕೆ ಬಂತು. ದಿನವೂ ನೂರಾರು ಇಂಗ್ಲಿಷ್ ಕಾಗದಗಳನ್ನು ಒಡೆದು, ಓದಿ, ಯಾವುದು ಯಾರಿಗೆಂದು ವಿಂಗಡಿಸುವುದು. ಊರಿನ ಕಾಗದಗಳೆಲ್ಲ ನನ್ನ ಕೈಯಲ್ಲಿ, ನನಗೆ ಬೇಕಾದ ಒಂದೇ ಒಂದು ಮಾತ್ರ ಬರಲಿಲ್ಲ ಎಂದುಕೊಳ್ಳುತ್ತಿದ್ದಳು.

ಆ ದಿನಗಳಲ್ಲಿ ಮನೆಗೆ ಬಂದವಳು ಕಮಲಾಕ್ಷಿ. ಶಾಮಲಾಳ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದ ಟೀಚರು, ಒಂಟಿ ಹೆಂಗಸು. ಒಳಗೆ ಬಂದವಳೇ ಕುರ್ಚಿ ಎಳೆದು ಕೂತು, "ನಿಮ್ಮ ಯಜಮಾನ್ರಿಗೆ ಏನಾತು, ಹೇಳ್ರಿ" ಎಂದಳು. ಒಂದೂವರೆ ವರ್ಷದಲ್ಲಿ ಮೊದಲ ಸಲ ಯಾರೋ ಕೇಳಿದ್ದರು. ಗುಣವತಿ ಒಂದು ತಾಸು ಹೇಳಿದಳು. ಕಮಲಾಕ್ಷಿ ಪೂರ್ತಿ ಕೇಳಿ, "ನಮ್ಮ ತಮ್ಮನೂ ಹಿಂಗ ಹೋದ. ಮೂವತ್ತು ವರ್ಷ ಆತು. ಇಂಥವ್ರು ನಾವು ಒಂದೀಟು ಮಂದಿ ಸಿಕಂದರಾಬಾದಿನ್ಯಾಗ ಕೂಡ್ತೀವಿ. ಎರಡನೇ ಶನಿವಾರ, ಮಧ್ಯಾಹ್ನ ಮೂರಕ್ಕ. ಬರ್ರಿ" ಎಂದಳು.

ಸಿಕಂದರಾಬಾದಿನ ಒಂದು ಗ್ರಂಥಾಲಯದ ಹಿಂದಿನ ಕೋಣೆ. ಆರೇಳು ಜನ, ಕಬ್ಬಿಣದ ಕುರ್ಚಿಗಳು, ಒಂದು ಸ್ಟವ್ವು, ಪಕ್ಕದಲ್ಲಿ ಬಚ್ಚಲು. ನಾಂಪಲ್ಲಿಯ ದರ್ಜಿ ಖಾದರ್ ಸಾಹೇಬರು ಚಹಾ ಮಾಡುತ್ತಿದ್ದರು, ಅವರು ಹೆಂಡತಿಯನ್ನು ಕಳೆದುಕೊಂಡವರು. "ಬೈಠೋ ಅಮ್ಮಾ, ಪೆಹಲೇ ಚಾಯ್ ಪಿಯೋ" ಎಂದು ಗ್ಲಾಸು ಕೈಗಿಟ್ಟರು. ಅಲ್ಲಿ ಯಾರೂ ದನಿ ತಗ್ಗಿಸಿ ಮಾತಾಡುತ್ತಿರಲಿಲ್ಲ. ಸತ್ತವರ ಮೇಲೆ ಸಿಟ್ಟು ಬಂದರೆ ಬೈಯುತ್ತಿದ್ದರು, ನಗು ಬಂದರೆ ನಗುತ್ತಿದ್ದರು. ತೆಲುಗಿನಲ್ಲಿ ಒಬ್ಬರು, ಹಿಂದಿಯಲ್ಲಿ ಒಬ್ಬರು ಹೇಳಿದರೆ ಕಮಲಾಕ್ಷಿ ಎಲ್ಲವನ್ನೂ ಎಲ್ಲರಿಗೂ ತಿಳಿಯುವಂತೆ ತಿರುಗಿಸುತ್ತಿದ್ದಳು. ಮೊದಲ ದಿನ ಮನೆಗೆ ಬರುವಾಗ ಗುಣವತಿಗೆ ಬಸ್ಸಿನಲ್ಲಿ ಕೂತಲ್ಲೇ ತೂಕಡಿಕೆ ಬಂತು. ಅಷ್ಟು ಸಲೀಸಾಗಿ ಕಣ್ಣು ಮುಚ್ಚಿ ಎಷ್ಟೋ ದಿನವಾಗಿತ್ತು.

ಇಷ್ಟಾದ ಮೇಲೆ ಹೊಟ್ಟೆಕಿಚ್ಚು ಹೋಗಬೇಕಿತ್ತಲ್ಲ? ಹೋಗಲಿಲ್ಲ. ಅದು ಜಾಗ ಬದಲಾಯಿಸಿತು, ಅಷ್ಟೇ. ಈಗ ಅದು ಪ್ರಫುಲ್ಲಾಬಾಯಿಯ ಮೇಲೆ ಕೂತಿತು.

ಪ್ರಫುಲ್ಲಾ ಕಲಬುರ್ಗಿ ಕಡೆಯವಳು, ಐವತ್ತೈದರ ಆಸುಪಾಸು. ಗಂಡ ನಾಂಪಲ್ಲಿಯ ಸರ್ಕಾರಿ ಕಚೇರಿಯೊಂದರಲ್ಲಿದ್ದವನು, ಹೋದ ವರ್ಷ ಕಾಯಿಲೆಯಿಂದ ತೀರಿಕೊಂಡಿದ್ದ. ಅದಕ್ಕೂ ಮೊದಲು ಮಗ ಮಲ್ಲಿಕಾರ್ಜುನ, ಇಂಜಿನಿಯರಿಂಗ್ ಓದುತ್ತಿದ್ದವನು, ಇಪ್ಪತ್ತೊಂದಕ್ಕೇ ವೀರಭದ್ರಪ್ಪನ ಹಾಗೆಯೇ ಹೊರಟುಹೋಗಿದ್ದ. ಅವನು ಒಂದು ಕಾಗದ ಬರೆದಿಟ್ಟಿದ್ದ. ಇಂಗ್ಲಿಷಿನಲ್ಲಿ. ಸಣ್ಣಂದಿನಿಂದ ಇಂಗ್ಲಿಷ್ ಶಾಲೆಗೆ ಹೋದ ಹುಡುಗ, ಕನ್ನಡ ಮಾತಾಡುತ್ತಿದ್ದನೇ ಹೊರತು ಬರೆಯಲು ಕಲಿತಿರಲಿಲ್ಲ. ತಾಯಿಗೆ ಕನ್ನಡ ಬಿಟ್ಟು ಬೇರೆ ಅಕ್ಷರ ಬರುತ್ತಿರಲಿಲ್ಲ. ಇದ್ದಾಗ ಗಂಡನೇ ಓದಿ ಹೇಳಿದ್ದನಂತೆ. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಕೈಚೀಲದಲ್ಲಿಟ್ಟುಕೊಂಡು ಅವಳು ಎಲ್ಲಿ ಹೋದರೂ ಒಯ್ಯುತ್ತಿದ್ದಳು.

"ಅವ್ವನ ಕೈಯಾನ ಹೋಳಿಗಿ ಮರೆಯಾಂಗಿಲ್ಲ, ಆಕಿನ್ನ ಚಲೋತ್ನಾಗಿ ನೋಡ್ಕೊಳ್ರಿ ಅಪ್ಪಾಜಿ ಅಂತ ಬರದಾನ ನೋಡ್ರಿ" ಎಂದು ಹೊಸಬರು ಬಂದಾಗಲೆಲ್ಲ ಅವಳು ಹೇಳುತ್ತಿದ್ದಳು. ಹೇಳುವಾಗ ಕವರನ್ನು ಸವರುತ್ತಿದ್ದಳು.

ಆ ಕೈ ಸವರುವುದನ್ನು ಗುಣವತಿ ಕಣ್ಣು ತೆಗೆಯದೆ ನೋಡುತ್ತಿದ್ದಳು. ಹೋಳಿಗೆಯಂತೆ! ಹದಿನಾರು ವರ್ಷ ಅಡಿಗೆ ಮಾಡಿ ಹಾಕಿದ್ದೇನೆ, ಒಂದು ಸಾರಿನ ಹೆಸರನ್ನಾದರೂ ಬರೆದಿಡಬಾರದಿತ್ತೇ ಎಂದು ಸತ್ತ ಗಂಡನ ಮೇಲೆ ಸಿಟ್ಟಾಗುತ್ತಿದ್ದಳು. ಮಗನನ್ನು ಕಳೆದುಕೊಂಡವಳು ತನಗಿಂತ ಸುಖಿಯಲ್ಲ ಎಂಬುದು ಅವಳಿಗೆ ತಿಳಿಯದ ಮಾತಲ್ಲ. ತಿಳಿದೂ ಉರಿಯುತ್ತಿತ್ತು.

ಒಂದು ಎರಡನೇ ಶನಿವಾರ, ಎಲ್ಲರೂ ಮಾತಾಡಿ ಮುಗಿಸಿದ ಮೇಲೆ ಪ್ರಫುಲ್ಲಾ ಅವಳ ಬೆನ್ನ ಮೇಲೆ ಕೈಯಿಟ್ಟು, "ನಿಮ್ಮ ಮನೆಯವ್ರು ಏನರ ಒಂದ ಸಾಲು ಬರದಿಡಬೇಕಿತ್ತವ್ವಾ ಗುಣವತಿ. ನಿನಗೊಂದು ಆಧಾರ ಆಗತಿತ್ತು" ಎಂದಳು. ಪ್ರೀತಿಯಿಂದಲೇ ಹೇಳಿದ್ದು. ಆದರೆ ಉಳ್ಳವರು ಇಲ್ಲದವರಿಗೆ ಮರುಗಿದಂತೆ ಗುಣವತಿಗೆ ಕೇಳಿಸಿತು. ಪ್ರಫುಲ್ಲಾ ಗ್ಲಾಸುಗಳನ್ನು ತೊಳೆಯಲು ಬಚ್ಚಲಿಗೆ ಹೋದಳು. ಕೈಚೀಲ ಕುರ್ಚಿಯ ಮೇಲಿತ್ತು. ಉಳಿದವರು ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ಗುಣವತಿ ಚೀಲಕ್ಕೆ ಕೈಹಾಕಿ, ಕವರಿನಿಂದ ಕಾಗದ ತೆಗೆದು ಓದಿದಳು.

ಅವಳಿಗೆ ಕಾಗದ ಓದುವುದು ದಿನದ ಕೆಲಸ, ಅರ್ಧ ನಿಮಿಷ ಸಾಕಾಯಿತು. ಮೇಲೆ ಅಪ್ಪನನ್ನು ಕರೆದು ಕ್ಷಮೆ ಕೇಳಿದ್ದ. ಕಾಕಾನ ಸ್ಕೂಟರಿನ ಕೀಲಿ ವಾಪಸು ಕೊಡಬೇಕೆಂದಿದ್ದ. ಗೆಳೆಯನ ನೋಟ್ಸು ಟ್ರಂಕಿನಲ್ಲಿವೆ, ಗ್ರಂಥಾಲಯದ ಎರಡು ಪುಸ್ತಕ ಮಂಚದ ಕೆಳಗಿವೆ, ತಂಗಿಯ ಪರೀಕ್ಷೆ ನಿಲ್ಲಿಸಬೇಡಿ. ಕೆಳಗೆ ಹೆಸರು. ಮುಗಿಯಿತು. ಹಾಳೆ ತಿರುಗಿಸಿದಳು, ಹಿಂದೆ ಖಾಲಿ. ಅವ್ವ ಎಂಬ ಮಾತೇ ಎಲ್ಲೂ ಇರಲಿಲ್ಲ. ಹೋಳಿಗೆ ಪ್ರಫುಲ್ಲಾಳ ಗಂಡನ ಕೈಚಳಕವಾಗಿತ್ತು.

ಕಾಗದವನ್ನು ಅವಸರದಲ್ಲಿ ಮಡಚಿ ಕವರಿಗೆ ತುರುಕಿ ಬಸ್ಸು ಹತ್ತಿದಳು. ಕಿಟಕಿಯ ಸೀಟು ಸಿಕ್ಕಿತು. ಬೇಗಂಪೇಟೆ ಬರುವ ತನಕ ಅವಳಿಗೆ ಆದದ್ದು ಸಂತೋಷ, ಬೇರೇನಲ್ಲ. ಇವಳಿಗೂ ಏನೂ ಬರೆದಿಟ್ಟಿಲ್ಲ! ಸ್ಕೂಟರಿನ ಕೀಲಿ ನೆನಪಾಗಿದೆ, ಹೆತ್ತವ್ವ ನೆನಪಾಗಿಲ್ಲ! ಬೇಗಂಪೇಟೆ ದಾಟಿದ ಮೇಲೆ ಇಂಥ ಸಂತೋಷ ಪಡುವವಳು ಎಂಥ ಹೆಂಗಸು ಎಂದು ತನ್ನ ಮೇಲೇ ಹೇಸಿಗೆಯಾಯಿತು. ಆದರೂ ಆ ಗುಟ್ಟನ್ನು ತಿಂಗಳಿಡೀ ಒಳಗಿಟ್ಟುಕೊಂಡು ಓಡಾಡಿದಳು. ಟಪಾಲು ಒಡೆಯುವಾಗ, ಅಕ್ಕಿ ಆರಿಸುವಾಗ, ಹೇಗೆ ಹೇಳುವುದೆಂದು ಮಾತು ಜೋಡಿಸಿದಳು. "ಅಕ್ಕಾರ, ನಿಮಗ ಖರೇನ ಯಾರೂ ಹೇಳಿಲ್ಲ" ಎಂದು ಶುರುಮಾಡುವುದೆಂದು ನಿಶ್ಚಯವಾಯಿತು. ಸತ್ಯ ಹೇಳುವುದರಲ್ಲಿ ತಪ್ಪೇನಿದೆ? ಮುಚ್ಚಿಡುವವರ ಕೈಯಲ್ಲಿ ತಾನು ಪಟ್ಟದ್ದು ಸಾಲದೇ? ಹೀಗೆ ನ್ಯಾಯವನ್ನೂ ಹುಡುಕಿಕೊಂಡಳು. ಹೇಳಿದ ಮೇಲೆ ಆ ಕೋಣೆಯಲ್ಲಿ ತನಗೆ ಕುರ್ಚಿ ಇರುವುದಿಲ್ಲ ಎಂಬುದೂ ಅವಳಿಗೆ ಹೊಳೆದಿತ್ತು. ಅದೊಂದು ಅವಳನ್ನು ತಡೆಯುತ್ತಿತ್ತು. ಆ ಕೋಣೆ ಬಿಟ್ಟರೆ ವೀರಭದ್ರಪ್ಪನ ಹೆಸರು ಹೇಳಲು ಹೈದರಾಬಾದಿನಲ್ಲಿ ಅವಳಿಗೆ ಇನ್ನೊಂದು ಜಾಗವಿರಲಿಲ್ಲ.

ಮುಂದಿನ ಎರಡನೇ ಶನಿವಾರ ಮಾತುಕತೆ ಮುಗಿದ ಮೇಲೆ ಪ್ರಫುಲ್ಲಾ, "ಗುಣವತಿ, ಗ್ಲಾಸ್ ತೊಳ್ಯಾಕ ಬಾ" ಎಂದು ಕರೆದಳು. ಬಚ್ಚಲಿನಲ್ಲಿ ಇಬ್ಬರೇ. ಒಂದು ಕಿಟಕಿ, ಅದರ ಕೆಳಗೆ ಕಲ್ಲಿನ ಕಟ್ಟೆ. ಪ್ರಫುಲ್ಲಾ ಕಟ್ಟೆಯ ಮೇಲೆ ಕೂತು ಕವರು ತೆಗೆದಳು.

"ಯಜಮಾನ್ರು ಹೋದ ಮ್ಯಾಲ ಇದನ್ನ ಕೇಳಿ ಭಾಳ ದಿನ ಆತು. ನೀ ಇಂಗ್ಲಿಷ್ ಬಲ್ಲಾಕಿ. ಓದಿ ಹೇಳ್ತೀಯೇನವ್ವಾ?"

ಗುಣವತಿ ಕಾಗದ ಕೈಗೆ ತೆಗೆದುಕೊಂಡಳು. ಇದಕ್ಕಿಂತ ಒಳ್ಳೆಯ ಅವಕಾಶ ಮತ್ತೆ ಬರುವುದಿಲ್ಲ. ಸುಳ್ಳೂ ಬೇಡ, ಚಾಡಿಯೂ ಬೇಡ. ಇದ್ದದ್ದನ್ನು ಇದ್ದ ಹಾಗೆ ಓದಿದರೆ ಸಾಕು. ಕಾಗದ ಬಿಡಿಸಿ ಒಂದೊಂದೇ ಸಾಲನ್ನು ಕನ್ನಡಕ್ಕೆ ತಿರುಗಿಸಿ ಹೇಳುತ್ತ ಹೋದಳು. ಅಪ್ಪಾಜಿ, ನನ್ನನ್ನು ಕ್ಷಮಿಸಿ. ಕಾಕಾನ ಕೀಲಿ. ನೋಟ್ಸು. ಪುಸ್ತಕ. ತಂಗಿಯ ಪರೀಕ್ಷೆ. ಅಲ್ಲಿಗೆ ಸಾಲು ಮುಗಿಯಿತು. ತಲೆ ಎತ್ತಿದಳು. ಪ್ರಫುಲ್ಲಾ ಕಣ್ಣು ಮುಚ್ಚಿಕೊಂಡು, ಕತ್ತು ಸ್ವಲ್ಪ ಮುಂದೆ ಚಾಚಿ ಕಾಯುತ್ತಿದ್ದಳು.

ಹೋಳಿಗೆಯ ಮಾತು ಹೇಳಿಬಿಡೋಣವೆಂದರೆ ಆ ಗಳಿಗೆಯಲ್ಲಿ ಅದು ನೆನಪಿಗೇ ಬರಲಿಲ್ಲ. ಬಾಯಿ ತಾನಾಗಿ ಬೇರೆಯದನ್ನೇ ಓದಿತು.

"ಅವ್ವಗ ಹೇಳ್ರಿ, ಆಕೀದು ಏನೂ ತಪ್ಪಿಲ್ಲ. ಆಕಿಗೆ ಗೊತ್ತಾಗಲಿಲ್ಲಂತ ನನಗ ಸಿಟ್ಟಿಲ್ಲ. ನಾನೇ ಬಾಯಿ ಬಿಟ್ಟು ಹೇಳಲಿಲ್ಲ. ಆಕಿ ಬಾಜೂಕ ಬಂದು ಕೂತಾಗ ಅಷ್ಟೊತ್ತು ನನಗ ಹಗುರ ಆಗತಿತ್ತು."

ಕೊಳಾಯಿ ತೊಟ್ಟಿಕ್ಕುತ್ತಿತ್ತು. ಪ್ರಫುಲ್ಲಾ ಕಣ್ಣು ತೆರೆದಳು. ಕಾಗದ ವಾಪಸು ತೆಗೆದುಕೊಂಡು ನಿಧಾನವಾಗಿ ಮಡಚಿದಳು.

"ಹೋದ ತಿಂಗಳ ಇದು ಕವರಿನ್ಯಾಗ ತಲಿಕೆಳಗ ಹೊಕ್ಕಿತ್ತು" ಎಂದಳು. "ನೀ ಓದೀದಿ ಅನ್ನೂದು ಆವತ್ತ ತಿಳೀತು ನನಗ."

ಗುಣವತಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. "ತಪ್ಪಾತ್ರಿ ಅಕ್ಕಾರ" ಎಂದಳು.

"ಇರ್ಲಿ, ಕೇಳು. ಮೊದಲ ನಮ್ಮ ಯಜಮಾನ್ರು ಓದಿದ್ರು. ಹೋಳಿಗಿ ಅಂದ್ರು. ಆಮ್ಯಾಲ ಒಮ್ಮೆ ನಮ್ಮ ಕಮಲಾಕ್ಷಿ ಟೀಚರ್ ಕಡೆ ಓದಿಸಿದೆ. ಆಕಿ ಹೋಳಿಗಿ ಅನ್ನಲಿಲ್ಲ, ಅವ್ವನ ಆಶೀರ್ವಾದ ಬೇಕು ಅಂತ ಏನೋ ಓದಿದ್ಳು. ನನಗ ಅವಾಗ ಸಂಶೇ ಬಂತು. ಗುರ್ತಿಲ್ಲದಾಂವರೆ ಇದ್ದದ್ದು ಹೇಳ್ಯಾನಂತ ಅಬಿಡ್ಸ್ ಪೋಸ್ಟಾಫೀಸಿಗೆ ಹೋದೆ. ಅಲ್ಲಿ ಹೊರಗ ಕುಂತು ಮಂದಿಗೆ ಕಾಗದ ಬರಕೊಡು ಮುದುಕ ಒಬ್ಬಾಂವ ಇದ್ದ. ಅಂವ ಪೂರ್ತಿ ಓದಿದ, ಹಾಳಿ ತಿರಿವಿ ನೋಡಿದ, ನನ್ನ ಮಾರಿ ನೋಡಿದ. 'ಅಮ್ಮೀ ಕೋ ಸಲಾಮ್ ಬೋಲ್ನಾ' ಅಂತ ಬರದೈತಿ ಅಂದ." ಪ್ರಫುಲ್ಲಾ ಸೆರಗಿನಿಂದ ಮೂಗು ಒರೆಸಿಕೊಂಡು ನಕ್ಕಳು. "ನನ್ನ ಮಲ್ಲೂ ಸಲಾಮ್ ಅನ್ನಾಂವೇನವ್ವಾ? ರೊಕ್ಕ ಕೊಡಾಕ ಹೋದ್ರ ತಗೊಳ್ಳಲಿಲ್ಲ ಮುದುಕ."

"ಹಂಗಾರ ನಿಮಗ ಗೊತ್ತೈತಿ..."

"ಮಲ್ಲೂ ನನಗೇನೂ ಬರದಿಲ್ಲ. ಯಾಕ ಬರೀಲಿಲ್ಲ, ನನಗ ತಿಳ್ಯಾಂಗಿಲ್ಲ. ಭಾಳ ಅತ್ತೀನಿ ಅದಕ್ಕ. ಆದ್ರ ಓದಿದವ್ರು ಒಬ್ಬರೂ ನನ್ನ ಬರೇ ಕೈಲೆ ಕಳಸಲಿಲ್ಲ ನೋಡು. ನೀ ಏನ ಮಾಡ್ತಿ ಅಂತ ನೋಡಬೇಕಾಗಿತ್ತು. ನಿನ್ನ ಕಣ್ಣು ನನ್ನ ಚೀಲದ ಮ್ಯಾಲೆ ಇರತಿತ್ತಲ್ಲ, ನನಗ ಕಾಣೂದಿಲ್ಲೇನು?" ಅವಳು ಗುಣವತಿಯ ಕೈ ಹಿಡಿದು ಕಟ್ಟೆಯ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡಳು. "ಈಗ ಓದಿದ ಮಾತು ನಿನಗ ಬೇಕಾಗಿದ್ದು. ಹೌದಲ್ಲೋ? ನಿನಗ ಬೇಕಾಗಿದ್ದನ್ನ ನನಗ ಕೊಟ್ಟಿ."

ಗುಣವತಿ ಅತ್ತಳು. ಗಂಡ ಸತ್ತಂದಿನಿಂದ ಇನ್ನೊಬ್ಬರ ಮುಂದೆ ಅವಳು ಹೀಗೆ ದನಿ ತೆಗೆದು ಅತ್ತಿರಲಿಲ್ಲ. ಅಳುವಿನ ಸದ್ದಿಗೆ ಖಾದರ್ ಸಾಹೇಬರು ಬಾಗಿಲವರೆಗೆ ಬಂದು ನೋಡಿ ಸ್ಟವ್ವು ಹಚ್ಚಲು ಹೋದರು. ಪ್ರಫುಲ್ಲಾ ಅವಳ ಬೆನ್ನು ಸವರುತ್ತ, "ನಾಕು ಮಂದಿಯೊಳಗ ನೀ ಓದಿದ್ದ ಚಲೋ ಇತ್ತವ್ವಾ" ಎಂದಳು.

ಬಿಕ್ಕುತ್ತಿದ್ದ ಗುಣವತಿ ಅಳು ತಡೆದಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಕೇಳಬಾರದೆಂದುಕೊಂಡರೂ ನಾಲಿಗೆ ನಿಲ್ಲಲಿಲ್ಲ.

"ಟೀಚರ್ ಓದಿದ್ದಕಿಂತೂ ಚಲೋ ಇತ್ತೇನ್ರಿ?"

"ಭಾಳ ಚಲೋ ಇತ್ತು" ಎಂದಳು ಪ್ರಫುಲ್ಲಾ, "ಆಕಿಗೆ ಹೇಳಬ್ಯಾಡ."